ತೆಗೆಯಬಾರದೆಂದು ಬರೆದಿಟ್ಟ ಸಾಲು

ನಾನು ಬರೆದ ಕರ್ನಲ್ ಇವತ್ತಿಗೂ ಒಂದು ಫೈಲ್ ತೆರೆಯಲಾರದು. ಪರದೆಯ ಮೇಲೆ ಅಕ್ಷರ ಮೂಡಿಸುತ್ತದೆ, ಕೀಬೋರ್ಡ್ ಒತ್ತಿದರೆ ಅದಕ್ಕೆ ಗೊತ್ತಾಗುತ್ತದೆ, ಎರಡು ಕೆಲಸಗಳನ್ನು ಸರದಿಯ ಮೇಲೆ ನಡೆಸುತ್ತದೆ. ಅಲ್ಲಿಗೆ ಮುಗಿಯಿತು. ಇಷ್ಟಕ್ಕೆ ಕೆಲವು ವರ್ಷಗಳ ಶನಿವಾರ ಭಾನುವಾರಗಳು ಖರ್ಚಾಗಿವೆ. ಖರ್ಚಾದದ್ದಕ್ಕೆ ಬೇಸರವಿಲ್ಲ, ಹವ್ಯಾಸ ಎಂದಮೇಲೆ ಹೊತ್ತು ಹೋಗಲೇಬೇಕು. ಆದರೆ ಅದರಲ್ಲಿ ದೊಡ್ಡ ಪಾಲು ಹೋದದ್ದು ಬೇರೆಯವರ ಪುಟ್ಟ ಕರ್ನಲ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದರಲ್ಲಿ. ಹಾಗೆ ನೋಡಿದ ಕ್ರಮವೇ ತಪ್ಪಾಗಿತ್ತು ಎಂದು ತಿಳಿಯುವ ಹೊತ್ತಿಗೆ ನನ್ನ ಕರ್ನಲ್ ಮೂಲೆ ಸೇರಿತ್ತು.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ ಸಿಗಬೇಕು, ಪ್ರೊಸೆಸರ್ ಯಾವಾಗ ಯಾರ ಕೈಯಲ್ಲಿರಬೇಕು, ಡಿಸ್ಕಿನ ಜೊತೆ ಯಾರು ವ್ಯವಹರಿಸಬೇಕು ಎಂದು ತೀರ್ಮಾನಿಸುವುದು ಅದು. ಆಂಡ್ರಾಯ್ಡ್ ಫೋನುಗಳಲ್ಲಿ ಇರುವ ಲಿನಕ್ಸ್ ಕರ್ನಲ್‌ನ ಕೋಡು ಕೋಟಿಗಟ್ಟಲೆ ಸಾಲು. ಅದನ್ನು ಕೂತು ಓದಿ ಮುಗಿಸುತ್ತೇನೆ ಎನ್ನುವುದು ಆಗಹೋಗದ ಮಾತು. ಹಾಗಾಗಿ ಕರ್ನಲ್ ಕಲಿಯಬೇಕೆನ್ನುವವರು ಚಿಕ್ಕದನ್ನು ಹುಡುಕುತ್ತಾರೆ. ನಾನೂ ಹುಡುಕಿದೆ. ಹುಡುಕಿದ್ದನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ಹಾಕಿದೆ. ಹೆಸರು, ವರ್ಷ, ಭಾಷೆ, ಎಷ್ಟು ಸಾಲು, 32 ಬಿಟ್ಟೋ 64 ಬಿಟ್ಟೋ, ಎಲ್ಲವನ್ನೂ ಒಳಗೇ ಇಟ್ಟುಕೊಂಡ ಇಡಿಗಟ್ಟಾದ ಕರ್ನಲ್ಲೋ ಆದಷ್ಟನ್ನು ಹೊರಗಿಟ್ಟ ಮೈಕ್ರೋಕರ್ನಲ್ಲೋ, ಕೊನೆಗೆ ನನ್ನ ಅಭಿಪ್ರಾಯ.

ಮೊದಲಿಗೆ ಎಕ್ಸ್‌ವಿ6. 1975ರ ಯೂನಿಕ್ಸ್ ಆರನೇ ಆವೃತ್ತಿಯ ಮಾದರಿಯಲ್ಲಿ ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಹೊಸದಾಗಿ ಬರೆದದ್ದು. ಮೊದಲು ಇಂಟೆಲ್ ಎಕ್ಸ್86 ಪ್ರೊಸೆಸರ್‌ಗೆ ಇತ್ತು, 2019ರಲ್ಲಿ ರಿಸ್ಕ್-ಫೈವ್‌ಗೆ ಹೋಯಿತು. ಹತ್ತು ಸಾವಿರ ಸಾಲಿನೊಳಗೆ ಎಲ್ಲವೂ ಇದೆ, ಜೊತೆಗೆ ಅದನ್ನು ವಿವರಿಸುವ ಪುಸ್ತಕವೂ ಇದೆ. ಆಮೇಲೆ ಮಿನಿಕ್ಸ್. ಆಮ್‌ಸ್ಟರ್‌ಡ್ಯಾಮ್‌ನ ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ 1987ರಲ್ಲಿ ತಮ್ಮ ಪಠ್ಯಪುಸ್ತಕದ ಜೊತೆ ಹೊರತಂದದ್ದು. ಆಮೇಲೆ ಲಿನಕ್ಸ್ 0.01. 1991ರ ಸೆಪ್ಟೆಂಬರ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹೊರಗೆ ಬಿಟ್ಟಾಗ ಅದು ಸುಮಾರು 10,000 ಸಾಲು. ಈಚಿನದು ಬೇಕೆಂದು ಸೆರೆನಿಟಿ ಓಎಸ್ ಹಾಕಿಕೊಂಡೆ. ಸ್ವೀಡನ್ನಿನ ಆಂಡ್ರಿಯಾಸ್ ಕ್ಲಿಂಗ್ 2018ರಲ್ಲಿ ಒಬ್ಬರೇ ಶುರುಮಾಡಿ, ಕರ್ನಲ್‌ನಿಂದ ಹಿಡಿದು ಬ್ರೌಸರ್‌ವರೆಗೆ ಬೆಳೆದ ಯೋಜನೆ. ಹಳೆಯದು ಬೇಕೆಂದು ಜ್ಯೂರಿಕ್‌ನ ನಿಕ್ಲಾಸ್ ವಿರ್ತ್ ಮತ್ತು ಯುರ್ಗ್ ಗುಟ್‌ಕ್ನೆಕ್ಟ್ ಕಟ್ಟಿದ ಒಬೆರಾನ್. ಕೊನೆಯ ಸಾಲಿನಲ್ಲಿ ಫಿವಿಕ್ಸ್, ಒಬ್ಬರೇ ಹವ್ಯಾಸಕ್ಕೆಂದು ಬರೆದ 32 ಬಿಟ್ ಕರ್ನಲ್. ಅದರ ಮುಂದೆ ನಾನು ಬರೆದ ಅಭಿಪ್ರಾಯ ಹೀಗಿತ್ತು: 'ಹಳೇ ಕಾಲದ್ದು. ಹೊಸದೇನೂ ಇಲ್ಲ.'

ಈ ಹಾಳೆಯ ಮುಂದೆ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಇಡಿಗಟ್ಟು ಮೇಲೋ ಮೈಕ್ರೋ ಮೇಲೋ ಎಂದು 1992ರಲ್ಲಿ ಟಾನೆನ್‌ಬಾಮ್ ಮತ್ತು ಟೊರ್ವಾಲ್ಡ್ಸ್ ನಡುವೆ ನಡೆದ ಜಗಳವನ್ನು ನಾನೊಬ್ಬನೇ ಎರಡೂ ಕಡೆಯಿಂದ ಆಡುತ್ತಿದ್ದೆ. ಕಡೆಗೆ ಒಂದು ತೀರ್ಮಾನಕ್ಕೆ ಬಂದೆ. ನನ್ನದು 64 ಬಿಟ್ ಆಗಿರಬೇಕು, ಎಕ್ಸ್‌ವಿ6ಗಿಂತ ಚಿಕ್ಕದಾಗಿರಬೇಕು, ಮತ್ತು ಪೂರ್ತಿ ಸೊನ್ನೆಯಿಂದ ನಾನೇ ಕಟ್ಟಿದ್ದಾಗಿರಬೇಕು. ಮೂರನೆಯದನ್ನು ಆಫೀಸಿನ ಕ್ಯಾಂಟೀನಿನಲ್ಲಿ ಹತ್ತಾರು ಜನರಿಗೆ ಹೇಳಿಯೂ ಹೇಳಿದೆ.

ಶುರು ಚೆನ್ನಾಗಿಯೇ ಆಯಿತು. ಹಳೇ ಪಿಸಿಗಳಲ್ಲಿ ಸ್ವಿಚ್ ಹಾಕಿದ ಕೂಡಲೇ ಓಡುವ ಬಯಾಸ್ ಎಂಬ ತಂತ್ರಾಂಶ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಎತ್ತಿ ಮೆಮೊರಿಯಲ್ಲಿ ಒಂದು ಗೊತ್ತಾದ ಜಾಗಕ್ಕೆ ಹಾಕುತ್ತದೆ. ಕೊನೆಯ ಎರಡು ಬೈಟ್ ಹೆಕ್ಸಾಡೆಸಿಮಲ್‌ನಲ್ಲಿ 55 ಮತ್ತು ಎಎ ಆಗಿದ್ದರೆ ಇದು ಬೂಟ್ ಆಗುವ ಡಿಸ್ಕ್ ಎಂದು ಒಪ್ಪಿ ಓಡಿಸುತ್ತದೆ. ಆ 512 ಬೈಟ್‌ಗಳನ್ನು ಅಸೆಂಬ್ಲಿಯಲ್ಲಿ ನಾನೇ ಬರೆದೆ. ಮುಂದಿನದನ್ನು ಸಿ ಭಾಷೆಯಲ್ಲಿ ಬರೆದು ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಕಂಪೈಲ್ ಮಾಡಿದೆ. ಕಂಪೈಲರ್‌ಗೆ ಕೊಡಬೇಕಾದ ಫ್ಲ್ಯಾಗ್‌ಗಳ, ಅಂದರೆ ಸೂಚನೆಗಳ, ಪಟ್ಟಿಯನ್ನು ಎಕ್ಸ್‌ವಿ6ನ ಹಳೆಯ ಎಕ್ಸ್86 ಆವೃತ್ತಿಯ ಮೇಕ್‌ಫೈಲ್‌ನಿಂದ ಎತ್ತಿಕೊಂಡು, 32 ಎಂದಿದ್ದಲ್ಲಿ 64 ಎಂದು ತಿದ್ದಿದೆ. ಕಂಪೈಲ್ ಆಯಿತು. ಕ್ಯೂಇಎಂಯು ಎಂಬ ತೋರಿಕೆಯ ಯಂತ್ರದೊಳಗೆ ಬೂಟೂ ಆಯಿತು. ಆ ಪಟ್ಟಿಯನ್ನು ಮತ್ತೆ ತೆರೆದು ನೋಡಲಿಲ್ಲ.

ತೊಂದರೆ ಶುರುವಾದದ್ದು ಟೈಮರ್ ಇಂಟರಪ್ಟ್ ಹಾಕಿದ ಮೇಲೆ. ಟೈಮರ್ ಚಿಪ್ಪು ಸೆಕೆಂಡಿಗೆ ಇಷ್ಟು ಸಲ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ, ಆಗ ಕರ್ನಲ್ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುತ್ತದೆ. ಅದು ಬಂದ ಮೇಲೆ ಖಾಲಿ ಮೆಮೊರಿ ಹುಡುಕುವ ನನ್ನ ಫಂಕ್ಷನ್ ಒಮ್ಮೊಮ್ಮೆ ಹುಚ್ಚುಹುಚ್ಚಾಗಿ ಆಡತೊಡಗಿತು. ಮೆಮೊರಿಯನ್ನು 4,096 ಬೈಟ್‌ಗಳ ಪುಟಗಳಾಗಿ ಭಾಗ ಮಾಡಿ, ಯಾವ ಪುಟ ಖಾಲಿ ಎಂದು ಹುಡುಕಿ ಅದರ ಸಂಖ್ಯೆ ಹೇಳುವುದಷ್ಟೇ ಅದರ ಕೆಲಸ. ನೂರು ಸಲ ಸರಿಯಾದ ಉತ್ತರ ಕೊಟ್ಟು ಒಂದು ಸಲ ಬೇರೆಯವರ ಕೈಯಲ್ಲಿರುವ ಪುಟದ ಸಂಖ್ಯೆ ಕೊಡುತ್ತಿತ್ತು. ಅದರ ಮೇಲೆ ಏನಾದರೂ ಬರೆದ ಕೂಡಲೇ ಯಂತ್ರ ರೀಬೂಟ್.

ಎಲ್ಲರೂ ಮಾಡುವ ಹಾಗೆ ಫಂಕ್ಷನ್‌ನ ನಡುವೆ ಒಂದು ಪ್ರಿಂಟ್ ಸಾಲು ಹಾಕಿದೆ, ಒಳಗೆ ಏನಾಗುತ್ತಿದೆ ನೋಡೋಣ ಎಂದು. ತಪ್ಪು ಮಾಯ! ಸಾಲು ತೆಗೆದರೆ ಮತ್ತೆ ಹಾಜರ್. ಹಾಕಿದರೆ ಇಡೀ ರಾತ್ರಿ ಓಡಿಸಿದರೂ ಏನೂ ಆಗುವುದಿಲ್ಲ. ಕಡೆಗೆ ಖಾಲಿ ಸ್ಟ್ರಿಂಗ್ ಪ್ರಿಂಟ್ ಮಾಡುವ ಸಾಲೊಂದನ್ನು ಅಲ್ಲೇ ಉಳಿಸಿ, ಪಕ್ಕದಲ್ಲಿ ಕಾಮೆಂಟ್ ಬರೆದೆ: 'ಈ ಸಾಲನ್ನು ತೆಗೆಯಬಾರದು.'

ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ಒಂದು ದಿನ ನನ್ನ ಕೋಡ್ ನೋಡುತ್ತಾ ಆ ಕಾಮೆಂಟಿನ ಹತ್ತಿರ ನಿಂತ.

"ಸರ್, ಪ್ರಿಂಟ್ ಹಾಕಿದ್ರೆ ಸರಿಹೋಗತ್ತೆ ಅಂದ್ರೆ ತಪ್ಪು ಈ ಫಂಕ್ಷನ್‌ದಲ್ಲ ಅಲ್ವಾ?"

"ಟೈಮಿಂಗ್ ಏನೋ ಇರಬೇಕು ಬಿಡಪ್ಪ."

"ಕಂಪೈಲರ್ ಇದನ್ನ ಏನು ಮಾಡಿದೆ ಅಂತ ಅಸೆಂಬ್ಲಿ ತೆಗೆದು ನೋಡಿದ್ರಾ ಸರ್?"

"ಜಿಸಿಸೀನ ಲಕ್ಷಾಂತರ ಜನ ಬಳಸ್ತಾರೆ. ಅದರಲ್ಲಿ ತಪ್ಪಿರಲ್ಲ."

ಅವನು ಕೇಳಿದ್ದು ಜಿಸಿಸಿಯಲ್ಲಿ ತಪ್ಪಿದೆಯಾ ಎಂದಲ್ಲ. ನನಗದು ಕೇಳಿಸಲಿಲ್ಲ. ಹದಿನೈದು ವರ್ಷ ಸರ್ವೀಸ್ ಆದವನಿಗೆ ನಿನ್ನೆ ಬಂದವನು ಹೇಳಿಕೊಡುವುದೇ ಎಂಬ ಧಿಮಾಕು ಆ ಉತ್ತರದಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಂದು ಅವನ ಮಾತು ಕೇಳಿ ಹತ್ತು ನಿಮಿಷ ಅಸೆಂಬ್ಲಿ ನೋಡಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ.

ಅದರ ಬದಲು ಆ ಫಂಕ್ಷನ್ ಇದ್ದ ಭಾಗವನ್ನೇ ಪೂರ್ತಿ ಹೊಸದಾಗಿ ಬರೆದೆ. ಕಾಯಿಲೆ ಬೇರೆ ಫಂಕ್ಷನ್‌ಗೆ ಹೋಯಿತು. ಅಲ್ಲೂ ಒಂದು ಪ್ರಿಂಟ್ ಸಾಲು, ಅಲ್ಲೂ ಒಂದು ಕಾಮೆಂಟ್. ತಪ್ಪು ಹುಡುಕಲು ಸುಲಭವಾಗಲೆಂದು ಕಂಪೈಲರ್‌ನ ಆಪ್ಟಿಮೈಸೇಶನ್ ತೆಗೆದು ನೋಡಿದೆ, ಕಾಯಿಲೆ ಇನ್ನೂ ಹೆಚ್ಚಿತು. ಕೋಡಿನ ತುಂಬ ತೆಗೆಯಬಾರದ ಸಾಲುಗಳಾದ ಮೇಲೆ ಅದನ್ನು ತೆರೆಯಲೂ ಮನಸ್ಸು ಬರಲಿಲ್ಲ. ಬಿಟ್ಟುಬಿಟ್ಟೆ. ಯಾರಾದರೂ ಕೇಳಿದರೆ ಟೈಮಿಲ್ಲ ಮಾರಾಯ್ರೆ ಎನ್ನುತ್ತಿದ್ದೆ.

ಬಿಟ್ಟವನು ಸುಮ್ಮನಿರಲಿಲ್ಲ, ಇನ್ನೊಂದು ತುದಿಗೆ ಹಾರಿದೆ. ಜಿಸಿಸಿಯನ್ನು ನಂಬಿದ್ದೇ ತಪ್ಪು, ಅದೂ ಬೇಡ, ನಿಜವಾದ ಸೊನ್ನೆಯಿಂದ ಹೊರಡುತ್ತೇನೆ ಎಂದು ಬೂಟ್‌ಸ್ಟ್ರ್ಯಾಪಿಂಗ್‌ಗೆ ಕೈಹಾಕಿದೆ. ಈ ಸಮಸ್ಯೆ ನಮ್ಮ ಅಡುಗೆಮನೆಯವರಿಗೆಲ್ಲ ಗೊತ್ತಿರುವಂಥದೇ: ಹಾಲು ಮೊಸರಾಗಲು ಹೆಪ್ಪು ಬೇಕು, ಹೆಪ್ಪೆಂದರೆ ನಿನ್ನೆಯ ಮೊಸರು. ಸಿ ಕಂಪೈಲರನ್ನು ಬರೆದಿರುವುದು ಸಿ ಅಥವಾ ಸಿ++ ಭಾಷೆಯಲ್ಲಿ, ಅದನ್ನು ಕಂಪೈಲ್ ಮಾಡಲು ಮೊದಲೇ ಒಂದು ಕಂಪೈಲರ್ ಬೇಕು. ಇದರಲ್ಲಿರುವ ಅಪಾಯವನ್ನು ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ತೋರಿಸಿದರು. ಅದು ಅಚ್ಚಾದದ್ದು 1984ರಲ್ಲಿ. ಕಂಪೈಲರ್ ಒಳಗೆ ಒಂದು ಕಳ್ಳಬಾಗಿಲು ಸೇರಿಸಿ, ಆ ಕಂಪೈಲರ್ ತನ್ನನ್ನು ತಾನು ಮತ್ತೆ ಕಂಪೈಲ್ ಮಾಡುವಾಗಲೂ ಆ ಬಾಗಿಲನ್ನು ಸೇರಿಸುವಂತೆ ಮಾಡಿದರೆ, ಆಮೇಲೆ ಸೋರ್ಸ್ ಕೋಡಿನಿಂದ ಅದನ್ನು ಅಳಿಸಿಹಾಕಬಹುದು. ಸೋರ್ಸ್ ಶುದ್ಧವಾಗಿರುತ್ತದೆ, ಕಂಪೈಲರ್ ಆಗಿರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಕೆಲವರು ತೀರಾ ಬುಡದಿಂದ ಏರುವ ಹಾದಿ ಕಟ್ಟಿದ್ದಾರೆ. ಬುಡದಲ್ಲಿರುವುದು ಹೆಕ್ಸ್0 ಎಂಬ ಪ್ರೋಗ್ರಾಂ. ಹೆಕ್ಸಾಡೆಸಿಮಲ್ ಅಂಕಿಗಳ ಜೋಡಿಗಳನ್ನು ಓದಿ ಬೈಟ್‌ಗಳಾಗಿ ಬರೆಯುವುದಷ್ಟೇ ಅದರ ಕೆಲಸ. ಎಷ್ಟು ಚಿಕ್ಕದೆಂದರೆ ಮನುಷ್ಯನೊಬ್ಬ ಕಾಗದ ಹಿಡಿದು ಬೈಟ್ ಬೈಟ್ ತಾಳೆ ನೋಡಬಹುದು. ಅದರಿಂದ ಒಂದಕ್ಷರದ ಲೇಬಲ್‌ಗಳಿರುವ ಹೆಕ್ಸ್1 (ಲೇಬಲ್ ಎಂದರೆ ಕೋಡಿನ ಒಂದು ಜಾಗಕ್ಕೆ ಇಟ್ಟ ಹೆಸರು), ಅದರಿಂದ ಉದ್ದ ಲೇಬಲ್‌ಗಳಿರುವ ಹೆಕ್ಸ್2, ಆಮೇಲೆ ಪುಟ್ಟ ಅಸೆಂಬ್ಲರ್, ಸಿ ಭಾಷೆಯ ಒಂದು ತುಣುಕಷ್ಟನ್ನು ಬಲ್ಲ ಕಂಪೈಲರ್, ಗ್ನೂ ಮೆಸ್, ಟೈನಿ ಸಿಸಿ ಎಂಬ ಪುಟ್ಟ ಸಿ ಕಂಪೈಲರ್, ಹಳೆಯ ಜಿಸಿಸಿ. ಜಿಸಿಸಿ 4.8ರಿಂದ ಈಚಿನದನ್ನು ಕಟ್ಟಲು ಸಿ++ ಕಂಪೈಲರ್ ಬೇಕು, ಹಾಗಾಗಿ ಅದಕ್ಕಿಂತ ಹಳೆಯದೊಂದನ್ನು ನಡುವೆ ಇಟ್ಟುಕೊಂಡು ಹೊಸದಕ್ಕೆ ಏರುತ್ತಾರೆ. ಗ್ನೂ ಗೀಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಂಡ 2023ರಲ್ಲಿ ತಮ್ಮ ಇಡೀ ವ್ಯವಸ್ಥೆ 357 ಬೈಟ್‌ನ ಇಂಥ ಒಂದು ಬೀಜದಿಂದ ಏಳುತ್ತದೆ ಎಂದು ಹೇಳಿತು.

ನಾನೂ ಹೆಕ್ಸ್ ಅಂಕಿಗಳಲ್ಲಿ ಒಂದು ಅಸೆಂಬ್ಲರ್ ಬರೆಯಲು ಕೂತೆ. ಇಂಟೆಲ್ ಪ್ರೊಸೆಸರ್‌ನಲ್ಲಿ ಚಿಕ್ಕ ಜಂಪ್ ಆಜ್ಞೆ ಎರಡು ಬೈಟ್, ಅದು ಹಿಂದಕ್ಕೆ 128, ಮುಂದಕ್ಕೆ 127 ಬೈಟ್‌ವರೆಗೆ ಮಾತ್ರ ಹಾರಬಲ್ಲದು. ನಡುವೆ ಏನೋ ಮರೆತಿದ್ದನ್ನು ಸೇರಿಸಿದರೆ ಲೂಪು ಉದ್ದವಾಗಿ ಆ ಮಿತಿ ದಾಟುತ್ತದೆ. ಆಗ ಅಲ್ಲಿ ಐದಾರು ಬೈಟ್‌ನ ದೊಡ್ಡ ಜಂಪ್ ಹಾಕಬೇಕು. ಅದು ದೊಡ್ಡದಾದ್ದರಿಂದ ಅದರ ಮೇಲಿಂದ ಹಾರುವ ಉಳಿದ ಜಂಪ್‌ಗಳ ಲೆಕ್ಕವೆಲ್ಲ ತಪ್ಪುತ್ತದೆ. ಅವನ್ನು ತಿದ್ದುವಾಗ ಇನ್ನೊಂದು ಮಿತಿ ದಾಟುತ್ತದೆ. ಲೇಬಲ್ ಎಂಬ ಸೌಕರ್ಯವನ್ನು ಯಾಕೆ ಕಂಡುಹಿಡಿದರು ಎಂದು ಅಂಗೈಯಲ್ಲಿ ಬರೆದುಕೊಂಡಷ್ಟು ಚೆನ್ನಾಗಿ ಕಲಿತೆ. ಅಸೆಂಬ್ಲರ್ ಮಾತ್ರ ಮುಗಿಯಲಿಲ್ಲ. ಎರಡನೆಯ ಸೋಲು.

ಈ ಸೋಲಿನ ನಂತರ ಗೀಕ್ಸ್‌ನವರ ಬರಹವನ್ನು ಮತ್ತೆ ಓದಿದೆ. ಮೊದಲ ಸಲ 357 ಎಂಬ ಅಂಕಿ ನೋಡಿ ಮರುಳಾಗಿದ್ದವನು ಉಳಿದದ್ದನ್ನು ಹಾರಿಸಿ ಓದಿದ್ದೆ. ಅದೇ ಬರಹದಲ್ಲಿ ಅವರು ಇನ್ನೂ ಕಳಚಿಕೊಳ್ಳಲಾಗದ ಆಸರೆಗಳನ್ನು ಎತ್ತಿ ಹೇಳಿದ್ದಾರೆ. ಈ ಎಲ್ಲ ಹಂತಗಳನ್ನು ನಡೆಸಲು ಸುಮಾರು 25 ಎಂಬಿಯ ಗೈಲ್ ಎಂಬ ಸಿದ್ಧ ಬೈನರಿ ಬೇಕು, ಅಡಿಯಲ್ಲಿ ಲಿನಕ್ಸ್ ಕರ್ನಲ್ ಓಡುತ್ತಿರಬೇಕು. 357 ಬೈಟ್‌ನ ಅಡಿಯಲ್ಲಿ ಕೋಟಿಗಟ್ಟಲೆ ಸಾಲಿನ ಕರ್ನಲ್! ಇದನ್ನೂ ಕಳಚಲು ಹೊರಟ ಲೈವ್-ಬೂಟ್‌ಸ್ಟ್ರ್ಯಾಪ್ ಎಂಬ ಯೋಜನೆಯಲ್ಲಿ ಕೆಲವೇ ಕಿಲೋಬೈಟ್‌ನ ಬಿಲ್ಡರ್-ಹೆಕ್ಸ್0 ಎಂಬ ಕರ್ನಲ್ ನೇರ ಯಂತ್ರದ ಮೇಲೆ ಎದ್ದು ಟೈನಿ ಸಿಸಿಯವರೆಗೆ ಕರೆದೊಯ್ಯುತ್ತದೆ. ಅಲ್ಲಿಂದ ಲಿನಕ್ಸ್‌ಗೆ ನೇರ ಹೋಗಲಾಗದು, ನಡುವೆ ಇನ್ನೊಂದು ಕರ್ನಲ್ ಬೇಕು. ಟೈನಿ ಸಿಸಿ ಕಂಪೈಲ್ ಮಾಡಬಲ್ಲಷ್ಟು ಸರಳವಾಗಿದ್ದು, ಲಿನಕ್ಸ್‌ನ ಪ್ರೋಗ್ರಾಂಗಳನ್ನೂ ಓಡಿಸಬಲ್ಲಂಥದ್ದು. ಅವರು ಆರಿಸಿಕೊಂಡದ್ದು ಫಿವಿಕ್ಸ್. ನನ್ನ ಹಾಳೆಯಲ್ಲಿ 'ಹೊಸದೇನೂ ಇಲ್ಲ' ಎಂದು ಬರೆಸಿಕೊಂಡ ಕರ್ನಲ್ ಅದು. ಹಳೇ ಲಿನಕ್ಸ್ 2.0ರ ಸಿಸ್ಟಂ ಕಾಲ್‌ಗಳಿಗೆ ನಿಷ್ಠೆಯಿಂದ ನಡೆದುಕೊಂಡದ್ದೇ ಅದರ ಬೆಲೆ. ಈ ಬಿಲ್ಡರ್-ಹೆಕ್ಸ್0 ಕೂಡ ಬಯಾಸ್‌ನ ಮೇಲೆ ನಿಂತಿದೆ, ಪ್ರೊಸೆಸರ್‌ನ ಮೇಲೆ ನಿಂತಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ನನ್ನ ಹಾಳೆಯಲ್ಲಿ ಇಲ್ಲದಿದ್ದ ಕಾಲಂ ಇದೇ: ಇದು ಯಾವುದರ ಮೇಲೆ ನಿಂತಿದೆ? ಆ ಕಾಲಂ ಸೇರಿಸಿ ಒಂದು ಸಂಜೆ ಕೂತೆ. ಲಿನಕ್ಸ್ 0.01 ನಿಂತದ್ದು ಮಿನಿಕ್ಸ್ ಮೇಲೆ. ಟೊರ್ವಾಲ್ಡ್ಸ್ ಕೋಡ್ ಬರೆದದ್ದು ಮಿನಿಕ್ಸ್‌ನಲ್ಲಿ, ಡಿಸ್ಕಿನ ಫೈಲ್‌ಸಿಸ್ಟಂ ಮಿನಿಕ್ಸ್‌ನದು, ಕಂಪೈಲರ್ ಜಿಸಿಸಿ, ಶೆಲ್ ಗ್ನೂದ ಬ್ಯಾಶ್. ಎಕ್ಸ್‌ವಿ6 ನಿಂತದ್ದು ಜಿಸಿಸಿ ಮತ್ತು ಕ್ಯೂಇಎಂಯು ಮೇಲೆ. ಎಲ್ಲವನ್ನೂ ತಾವೇ ಬರೆಯುತ್ತೇವೆನ್ನುವ ಸೆರೆನಿಟಿಯನ್ನೂ ಲಿನಕ್ಸ್ ಯಂತ್ರದ ಮೇಲೆ ಜಿಸಿಸಿಯಂಥ ಕಂಪೈಲರ್‌ನಿಂದಲೇ ಕಟ್ಟುತ್ತಾರೆ. ಭಾಷೆ, ಕಂಪೈಲರ್, ಓಎಸ್ ಎಲ್ಲ ಮಾಡಿದ ವಿರ್ತ್ 2013ರಲ್ಲಿ ಒಬೆರಾನ್‌ಗೆ ಪ್ರೊಸೆಸರನ್ನೂ ತಾವೇ ವಿನ್ಯಾಸ ಮಾಡಿದರು. ಅದನ್ನು ಬೇಕಾದ ಸರ್ಕ್ಯೂಟ್ ತುಂಬಿಸಬಹುದಾದ ಎಫ್‌ಪಿಜಿಎ ಚಿಪ್ಪಿಗೆ ಇಳಿಸಲು ಚಿಪ್ ಮಾಡಿದವರ ತಂತ್ರಾಂಶ ಬೇಕಾಯಿತು. ಸೊನ್ನೆಯಿಂದ ಹೊರಟವರು ಈ ಹಾಳೆಯಲ್ಲಿ ಯಾರೂ ಸಿಗಲಿಲ್ಲ.

ಕೊನೆಗೆ ನನ್ನ ಕರ್ನಲ್‌ನ ಸಾಲು. ಬಯಾಸ್, ಕ್ಯೂಇಎಂಯು, ಜಿಸಿಸಿ ಎಂದು ಬರೆದೆ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿದೆ: ಇವು ನನ್ನಿಂದ ಏನನ್ನು ಬಯಸುತ್ತವೆ? ಬಯಾಸ್‌ಗೆ 55, ಎಎ ಬೇಕು, ಗೊತ್ತಿತ್ತು. ಜಿಸಿಸಿಯ ಮುಂದೆ ಬರೆಯಲು ಏನೂ ಹೊಳೆಯಲಿಲ್ಲ. ಅದು ನನ್ನಿಂದ ಏನು ಬಯಸೀತು? ಆಗ 64 ಬಿಟ್ ಯಂತ್ರಗಳಲ್ಲಿ ಕಂಪೈಲರ್ ಮತ್ತು ಓಎಸ್ ಪರಸ್ಪರ ಹೇಗೆ ನಡೆದುಕೊಳ್ಳಬೇಕು ಎಂಬ ಒಪ್ಪಂದದ ದಸ್ತಾವೇಜನ್ನು ಮೊದಲ ಬಾರಿ ಪೂರ್ತಿ ಓದಿದೆ. ಅದರಲ್ಲಿ ರೆಡ್ ಜೋನ್ ಎಂಬುದರ ಬಗ್ಗೆ ಕೆಲವೇ ಸಾಲುಗಳಿವೆ.

ಫಂಕ್ಷನ್‌ಗಳು ತಮ್ಮ ಲೋಕಲ್ ವೇರಿಯಬಲ್‌ಗಳನ್ನು ಸ್ಟ್ಯಾಕ್ ಎಂಬ ಜಾಗದಲ್ಲಿ ಇಡುತ್ತವೆ. ಸಾಮಾನ್ಯವಾಗಿ ಮೊದಲು ಸ್ಟ್ಯಾಕ್ ಪಾಯಿಂಟರನ್ನು ಕೆಳಗಿಳಿಸಿ ಜಾಗ ಕಾದಿರಿಸಿ ಆಮೇಲೆ ಬಳಸಬೇಕು. ಆದರೆ ಬೇರೆ ಯಾವ ಫಂಕ್ಷನ್ನನ್ನೂ ಕರೆಯದ ಫಂಕ್ಷನ್ ಈ ಶ್ರಮ ಪಡಬೇಕಿಲ್ಲ, ಪಾಯಿಂಟರ್‌ನ ಕೆಳಗಿನ 128 ಬೈಟ್‌ಗಳನ್ನು ಕಾದಿರಿಸದೆಯೇ ಬಳಸಬಹುದು, ಅಲ್ಲಿಗೆ ಬೇರೆ ಯಾರೂ ಕೈಹಾಕುವುದಿಲ್ಲ ಎನ್ನುತ್ತದೆ ಒಪ್ಪಂದ. ಮಾಮೂಲಿ ಪ್ರೋಗ್ರಾಂಗಳಿಗೆ ಇದು ಸರಿ, ಯಾಕೆಂದರೆ ಇಂಟರಪ್ಟ್ ಬಂದಾಗ ಪ್ರೊಸೆಸರ್ ಕರ್ನಲ್‌ನ ಬೇರೆ ಸ್ಟ್ಯಾಕ್‌ಗೆ ಹೋಗುತ್ತದೆ. ಕರ್ನಲ್ ಒಳಗೇ ಇರುವಾಗ ಇಂಟರಪ್ಟ್ ಬಂದರೆ ಸಾಮಾನ್ಯವಾಗಿ ಸ್ಟ್ಯಾಕ್ ಬದಲಾಗುವುದಿಲ್ಲ. ಪ್ರೊಸೆಸರ್ ಅದೇ ಸ್ಟ್ಯಾಕ್‌ನಲ್ಲಿ ಪಾಯಿಂಟರ್‌ನ ಕೆಳಗೇ ಎಂಟೆಂಟು ಬೈಟ್‌ನ ಐದು ಮೌಲ್ಯಗಳನ್ನು, ಅಂದರೆ 40 ಬೈಟ್‌ಗಳನ್ನು, ತುರುಕುತ್ತದೆ. ಆಮೇಲೆ ನನ್ನ ಇಂಟರಪ್ಟ್ ಕೋಡು ಪ್ರೊಸೆಸರ್‌ನೊಳಗಿನ ಉಳಿದ ರಿಜಿಸ್ಟರ್‌ಗಳನ್ನೂ ಅಲ್ಲೇ ಸುರಿಯುತ್ತದೆ. ಖಾಲಿ ಪುಟ ಹುಡುಕುತ್ತಿದ್ದ ಫಂಕ್ಷನ್ ತನ್ನ ಎಣಿಕೆಯನ್ನು ಇಟ್ಟುಕೊಂಡಿದ್ದ ಜಾಗವೂ ಅದೇ. ಟೈಮರ್ ಸರಿಯಾಗಿ ಅದೇ ಗಳಿಗೆಯಲ್ಲಿ ಬಡಿದರೆ ಎಣಿಕೆ ಹಾಳು.

ಪ್ರಿಂಟ್ ಸಾಲು ಯಾಕೆ ಕಾಪಾಡುತ್ತಿತ್ತು ಎಂಬುದೂ ಆಗ ಬಿಡಿಸಿಕೊಂಡಿತು. ಪ್ರಿಂಟ್ ಕೂಡ ಒಂದು ಫಂಕ್ಷನ್. ಅದನ್ನು ಕರೆದ ಕೂಡಲೇ ನನ್ನ ಫಂಕ್ಷನ್ ಬೇರೆಯವರನ್ನು ಕರೆಯುವ ಫಂಕ್ಷನ್ ಆಗುತ್ತದೆ. ಕಂಪೈಲರ್ ಸ್ಟ್ಯಾಕ್ ಪಾಯಿಂಟರನ್ನು ಇಳಿಸಿ ಕ್ರಮಪ್ರಕಾರ ಜಾಗ ಕಾದಿರಿಸುತ್ತದೆ, ತಪ್ಪು ಮಾಯವಾಗುತ್ತದೆ. ಆಪ್ಟಿಮೈಸೇಶನ್ ತೆಗೆದಾಗ ಕಾಯಿಲೆ ಹೆಚ್ಚಿದ್ದೂ ಇದಕ್ಕೇ. ಆಗ ವೇರಿಯಬಲ್‌ಗಳೆಲ್ಲ ರಿಜಿಸ್ಟರ್ ಬಿಟ್ಟು ಸ್ಟ್ಯಾಕ್‌ಗೆ ಇಳಿಯುತ್ತವೆ. ಎಕ್ಸ್‌ವಿ6ನ ಮೇಕ್‌ಫೈಲ್‌ನಲ್ಲಿ ಇದರ ಸುಳಿವೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. 32 ಬಿಟ್ ಒಪ್ಪಂದದಲ್ಲಿ ರೆಡ್ ಜೋನ್ ಎಂಬುದೇ ಇಲ್ಲ. ಲಿನಕ್ಸ್‌ನ 64 ಬಿಟ್ ಮೇಕ್‌ಫೈಲ್‌ನಲ್ಲಿ ರೆಡ್ ಜೋನ್ ಬೇಡ ಎನ್ನುವ ಫ್ಲ್ಯಾಗ್ ಎದ್ದು ಕಾಣುವಂತೆ ಇದೆ. ಆ ಫೈಲ್ ತೆರೆದಾಗಲೆಲ್ಲ ನಾನು ಸಾಲು ಎಣಿಸುವುದರಲ್ಲಿದ್ದೆ.

ಆ 128 ಬೈಟ್‌ಗಳನ್ನು ಕಾಯುವುದು ಓಎಸ್‌ನ ಜವಾಬ್ದಾರಿ ಎಂದು ಕಂಪೈಲರ್ ನಂಬಿತ್ತು. ಓಎಸ್ ಬರೆಯುತ್ತಿದ್ದವನು ನಾನು. ಕಂಪೈಲರ್ ಕೊಟ್ಟ ಮಾತಿಗೆ ತಪ್ಪಿರಲಿಲ್ಲ, ನಾನು ಕೊಟ್ಟಿದ್ದೇನೆಂದೇ ತಿಳಿಯದ ಮಾತಿಗೆ ತಪ್ಪಿದ್ದೆ.

ಫ್ಲ್ಯಾಗ್ ಸೇರಿಸಿ, ಪ್ರಿಂಟ್ ಸಾಲುಗಳನ್ನೆಲ್ಲ ಕಿತ್ತುಹಾಕಿ ಓಡಿಸಿದೆ. ತೊಂದರೆ ಇಲ್ಲದೆ ಓಡಿತು. ಆ ಹುಡುಗ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿದ್ದ. ಫೋನ್ ಮಾಡಿ ಹೇಳಿದೆ. "ಹೌದಾ ಸರ್, ನಾನೂ ಆಮೇಲೆ ಮರೆತೇಬಿಟ್ಟಿದ್ದೆ" ಎಂದು ನಕ್ಕ. ಹಳೆಯ ಉತ್ಸಾಹ ಮಾತ್ರ ವಾಪಸ್ ಬರಲಿಲ್ಲ. ಒಂದು ಫ್ಲ್ಯಾಗ್‌ಗಾಗಿ ಇಡೀ ಭಾಗಗಳನ್ನು ಕೆಡವಿ ಕಟ್ಟಿದ್ದೆನಲ್ಲ, ಅವುಗಳಲ್ಲಿ ಮೊದಲು ಬರೆದದ್ದೇ ಚೆನ್ನಾಗಿತ್ತು.

ಈಗ ಯಾರಾದರೂ ಯಾವ ಕರ್ನಲ್ ನೋಡಲಿ ಎಂದು ಕೇಳಿದರೆ ಯಾಕೆ ನೋಡುತ್ತೀರಿ ಎಂದು ಮೊದಲು ಕೇಳುತ್ತೇನೆ. ಒಂದು ಓಎಸ್ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಿದ್ದರೆ ಎಕ್ಸ್‌ವಿ6 ಮತ್ತು ಅದರ ಪುಸ್ತಕಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಂದು ಕರ್ನಲ್ ಹೇಗೆ ಹುಟ್ಟುತ್ತದೆ, ಹುಟ್ಟುವಾಗ ಎಷ್ಟು ಅರೆಬರೆಯಾಗಿರುತ್ತದೆ ಎಂದು ನೋಡಬೇಕಿದ್ದರೆ ಲಿನಕ್ಸ್ 0.01. ನಂಬಿಕೆಯ ಪ್ರಶ್ನೆ ಕಾಡುತ್ತಿದ್ದರೆ ಲೈವ್-ಬೂಟ್‌ಸ್ಟ್ರ್ಯಾಪ್, ಅದರ ನಡುವಿನಲ್ಲಿ ಫಿವಿಕ್ಸ್. ಇವುಗಳ ಸಾಲುಗಳನ್ನು ಎಣಿಸಿ ಯಾವುದು ಚಿಕ್ಕದು ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಎಕ್ಸ್‌ವಿ6 ಚಿಕ್ಕದಾಗಿರುವುದು ಓದುವವರಿಗಾಗಿ. ಹೆಕ್ಸ್0 ಚಿಕ್ಕದಾಗಿರುವುದು ತಾಳೆ ನೋಡುವವರಿಗಾಗಿ. ಲಿನಕ್ಸ್ 0.01 ಚಿಕ್ಕದಾಗಿದ್ದದ್ದು ಇನ್ನೂ ಬರೆದು ಮುಗಿದಿರಲಿಲ್ಲ ಎಂಬುದಕ್ಕಾಗಿ.

ಸ್ವಂತದ್ದು ಬರೆಯುತ್ತೇನೆ ಎನ್ನುವವರಿಗೆ ಒಂದೇ ಮಾತು. ಮೊದಲ ದಿನವೇ ಎರಡು ಕಾಲಂ ಹಾಕಿ: ನಾನು ಯಾವುದರ ಮೇಲೆ ನಿಂತಿದ್ದೇನೆ, ಅದು ನನ್ನಿಂದ ಏನು ಬಯಸುತ್ತದೆ. ಎರಡನೆಯ ಕಾಲಂನಲ್ಲಿ ಎಲ್ಲಿ ಬರೆಯಲು ಏನೂ ಹೊಳೆಯುವುದಿಲ್ಲವೋ ಅಲ್ಲಿಂದ ಓದಲು ಶುರುಮಾಡಿ. ಅದಕ್ಕೆ ಒಂದು ಸಂಜೆ ಸಾಕು. ಆ ಸಂಜೆಯನ್ನು ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ವರ್ಷಗಳನ್ನು.